ಹಿಟ್ಟಿನ ಹುಂಜ, ಹಿಟ್ಟಿನ ಎತ್ತು

ಒಳ್ಳೆಯದು ಯಾವುದೆಂದು ತಿಳಿದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗಿಬಿಡುತ್ತಾನೆಯೇ? ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿಗಳು ಬಿಡದೆ ಕೇಳಿದ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕಡೂರು, ತರೀಕೆರೆ, ಅಜ್ಜಂಪುರದ ನೆಲದಲ್ಲಿ ಒಂದು ಸುತ್ತು.

ಆಯುಧಪೂಜೆಯ ಸಂಜೆ ಕಡೂರಿನಲ್ಲಿ ಕಾಲಿಟ್ಟ ಕಡೆಯೆಲ್ಲ ಬೂದುಗುಂಬಳದ ಹೋಳು. ಗ್ಯಾರೇಜುಗಳ ಮುಂದೆ, ವೆಲ್ಡಿಂಗ್ ಅಂಗಡಿಗಳ ಮುಂದೆ, ತೊಳೆದು ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ ಲಾರಿಗಳ ಮುಂದೆ. ಅಂಥದೊಂದು ಗ್ಯಾರೇಜಿನ ಬಳಿ ನಿಂತು ನೋಡುತ್ತಿದ್ದೆ. ಕಾಯಿಯ ನೆತ್ತಿಯನ್ನು ಚೌಕವಾಗಿ ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ಕೊರೆದ ಹೋಳನ್ನೇ ಮುಚ್ಚಳ ಮಾಡಿ, ಅದರ ಮೇಲೆ ಕರ್ಪೂರ ಹಚ್ಚಿದರು. ಲಾರಿಗೆ ಮೂರು ಸುತ್ತು ನಿವಾಳಿಸಿ ನೆಲಕ್ಕೆ ಅಪ್ಪಳಿಸಿದರು. ಬಿಳಿಯ ತಿರುಳು ಕೆಂಪಾಗಿ ಚೆಲ್ಲಿತು. ಕಾಸು ಆಯಲು ಮಕ್ಕಳು ಮುಗಿಬಿದ್ದರು.

ಏಳೆಂಟು ವರ್ಷದ ಹುಡುಗನೊಬ್ಬ ಮಾತ್ರ ಕಾಸಿಗೆ ಕೈ ಹಾಕದೆ ಆ ಕೆಂಪನ್ನೇ ನೋಡುತ್ತಿದ್ದ. "ತಾತ, ಇದಕ್ಯಾಕೆ ಕುಂಕುಮ ತುಂಬ್ತಾರೆ?" ಎಂದ.

"ಹಿಂದೆ ಕುರಿ ಕಡೀತಿದ್ರು ಕಣಪ್ಪ. ಈಗ ಅದರ ಬದ್ಲಿಗೆ ಇದು."

ಹುಡುಗ ಒಂದು ಗಳಿಗೆ ಸುಮ್ಮನಿದ್ದ. "ಹಂಗಾರೆ ನಾವೀಗ ಕುರಿ ಕಡಿದಂಗಾಯ್ತೋ, ಬಿಟ್ಟಂಗಾಯ್ತೋ?"

ತಾತ ಅವನ ತಲೆ ಸವರಿದರು. ಉತ್ತರ ಅವರ ಬಳಿ ಇರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಹೊತ್ತ ಕವಿಯೊಬ್ಬ ಎಂಟುನೂರು ವರ್ಷಗಳ ಹಿಂದೆ ಕಡೂರಿನ ನೆರೆಯ ಸೀಮೆಯ ಗುಡಿಯೊಂದಕ್ಕೆ ಶಾಸನ ಬರೆದಿದ್ದಾನೆ. ಅವನಿಗಿಂತ ಹದಿನಾರು ಶತಮಾನಗಳಷ್ಟು ಮೊದಲು ಗ್ರೀಕರ ನಡುವೆಯೂ ಈ ಮಾತು ಎದ್ದಿತ್ತು.

ಕಾರ್ಣಿಕ ಮತ್ತು ಡೆಲ್ಫಿ

ಕಡೂರಿನಿಂದ ನಾಲ್ಕು ಹೆಜ್ಜೆ ಎನ್ನುವಷ್ಟು ಹತ್ತಿರ ಬೀರೂರು. ದಸರೆಯ ಹೊತ್ತಿಗೆ ಅಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಮಹಾನವಮಿ ಬಯಲಿನಲ್ಲಿ ಜನ ಉಸಿರು ಬಿಗಿಹಿಡಿದು ನಿಂತಿರುವಾಗ ಬಿಲ್ಲನ್ನೇರಿ ಕಾರ್ಣಿಕ ನುಡಿಯುವವರ ಬಾಯಿಂದ ಒಂದೆರಡು ಮಾತು ಬೀಳುತ್ತದೆ. ಅದು ನೇರ ಮಾತಲ್ಲ, ಒಗಟು. ಮಳೆ ಬೆಳೆಗೆ ಹೇಳಿದ್ದೋ, ರಾಜಕೀಯಕ್ಕೆ ಹೇಳಿದ್ದೋ ಎಂದು ವರ್ಷವಿಡೀ ಅರ್ಥ ಬಿಡಿಸುವ ಕೆಲಸ ಜನರದು.

ಗ್ರೀಕರಿಗೂ ಇಂಥದೊಂದು ಜಾಗವಿತ್ತು. ಡೆಲ್ಫಿಯ ಅಪೊಲೊ ದೇವಾಲಯದಲ್ಲಿ ಪಿಥಿಯಾ ಎಂಬ ಪೂಜಾರಿಣಿ ದೇವರ ನುಡಿ ಹೇಳುತ್ತಿದ್ದಳು. ಯುದ್ಧಕ್ಕೆ ಹೊರಡುವ ರಾಜರೂ ಅವಳನ್ನು ಕೇಳಿಕೊಂಡೇ ಹೊರಡುತ್ತಿದ್ದರು. ಕೈರೆಫೋನ್ ಎಂಬಾತ ಅಲ್ಲಿಗೆ ಹೋಗಿ, ತನ್ನ ಗೆಳೆಯ ಸಾಕ್ರೆಟಿಸನಿಗಿಂತ ತಿಳಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಯಾರೂ ಇಲ್ಲ ಎಂದು ನುಡಿಯಾಯಿತು.

ಬೇರೆ ಯಾರೇ ಆಗಿದ್ದರೂ ಹಿಗ್ಗಿ ಮನೆಗೆ ಹೋಗುತ್ತಿದ್ದರು. ಸಾಕ್ರೆಟಿಸ್ ಆ ಒಗಟನ್ನು ಬಿಡಿಸಲು ಹೊರಟ. ರಾಜಕಾರಣಿಗಳನ್ನು ಕೇಳಿದ, ಕವಿಗಳನ್ನು ಕೇಳಿದ, ಕೈಕಸುಬಿನವರನ್ನು ಕೇಳಿದ. ರಾಜಕಾರಣಿಗಳಿಗೆ ತಿಳಿದಂತೆ ತೋರಿತೇ ಹೊರತು ತಿಳಿದಿರಲಿಲ್ಲ. ಕವಿಗಳು ಚೆನ್ನಾಗಿ ಹಾಡಿದ್ದರು, ಹಾಡಿದ್ದೇನೆಂದು ವಿವರಿಸಲಾರದೆ ಹೋದರು. ಕೈಕಸುಬಿನವರಿಗೆ ಅವರವರ ಕೆಲಸ ನಿಜಕ್ಕೂ ಗೊತ್ತಿತ್ತು. ಆದರೆ ಒಂದು ಕೆಲಸ ಬಲ್ಲವರು ಲೋಕವನ್ನೆಲ್ಲ ಬಲ್ಲೆವೆಂದುಕೊಂಡಿದ್ದರು. ಕೊನೆಗೆ ಅವನಿಗೆ ಹೊಳೆದದ್ದು ಇಷ್ಟು: ತನಗೆ ತಿಳಿಯದ್ದನ್ನು ತಿಳಿದಿದೆ ಎಂದುಕೊಳ್ಳದಿರುವುದೇ ತಾನು ಉಳಿದವರಿಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಬಲ್ಲ ವಿಷಯ.

ಈ ಹುಡುಕಾಟದ ತಿರುಳು ನೀತಿ. ಧೈರ್ಯ ಎಂದರೇನು, ನ್ಯಾಯ ಎಂದರೇನು, ದೈವಭಕ್ತಿ ಎಂದರೇನು ಎಂದು ಅವನು ಒಂದೊಂದೇ ಮಾತನ್ನು ಹಿಡಿದು ಜಗ್ಗುತ್ತಿದ್ದ. ತಂದೆಯ ಮೇಲೇ ಕೊಲೆಯ ದೂರು ಹೊತ್ತು ನ್ಯಾಯಾಲಯಕ್ಕೆ ಬಂದಿದ್ದ ಯೂಥಿಫ್ರೊ ಎಂಬ ಭಕ್ತನ ಜೊತೆ ಅವನು ನಡೆಸಿದ ಮಾತುಕತೆಯನ್ನು ಪ್ಲೇಟೋ ದಾಖಲಿಸಿದ್ದಾನೆ. ಬಲಿ ಕೊಟ್ಟು ವರ ಬೇಡುವುದೇ ಭಕ್ತಿಯಾದರೆ ಅದು ದೇವರ ಜೊತೆಗಿನ ಕೊಡುಕೊಳ್ಳುವ ವ್ಯಾಪಾರವಾಯಿತಲ್ಲವೇ ಎಂದು ಸಾಕ್ರೆಟಿಸ್ ಕೇಳುತ್ತಾನೆ. ದೇವರಿಗೆ ಇಷ್ಟವಾದ್ದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೆಯೋ, ಒಳ್ಳೆಯದಾದ್ದರಿಂದ ದೇವರಿಗೆ ಇಷ್ಟವಾಗುತ್ತದೆಯೋ ಎಂಬುದು ಅಲ್ಲಿನ ಇನ್ನೂ ಕಠಿಣ ಪ್ರಶ್ನೆ. ಯೂಥಿಫ್ರೊ ಕೆಲಸದ ನೆಪ ಹೇಳಿ ಹೊರಟುಹೋಗುತ್ತಾನೆ.

ಸಾಕ್ರೆಟಿಸನ ನಂಬಿಕೆಯಲ್ಲಿ ಬೇಕೆಂದೇ ತಪ್ಪು ಮಾಡುವವರು ಯಾರೂ ಇಲ್ಲ. ಕೆಟ್ಟದ್ದು ತನ್ನನ್ನೇ ಕೆಡಿಸುತ್ತದೆಂದು ನಿಜವಾಗಿ ತಿಳಿದವನು ಅದನ್ನು ಮಾಡಲಾರ. ಮಾಡಿದನೆಂದರೆ ಅವನ ತಿಳಿವು ಇನ್ನೂ ಅರೆಬರೆ. ಕ್ರಿ.ಪೂ. 399ರಲ್ಲಿ ಸುಮಾರು 500 ಮಂದಿ ನಾಗರಿಕರ ನ್ಯಾಯಸಭೆ ಅವನಿಗೆ ಮರಣದಂಡನೆ ಕೊಟ್ಟಿತು. ಊರಿನ ದೇವರುಗಳನ್ನು ಒಪ್ಪದವನು, ಯುವಕರನ್ನು ಕೆಡಿಸುವವನು ಎಂಬುದು ಆರೋಪ. ವಿಷ ಕುಡಿದು ಮೈ ತಣ್ಣಗಾಗುತ್ತಿರುವಾಗ ಅವನು ಗೆಳೆಯ ಕ್ರೀಟೊನಿಗೆ ನೆನಪಿಸಿದ್ದು ಒಂದು ಹರಕೆಯನ್ನು: ವೈದ್ಯದೇವತೆ ಆಸ್ಕ್ಲೀಪಿಯಸನಿಗೆ ಒಂದು ಹುಂಜ ಸಲ್ಲಬೇಕಿತ್ತು. ಎಲ್ಲವನ್ನೂ ಪ್ರಶ್ನಿಸಿದವನ ಕೊನೆಯ ಮಾತಿನಲ್ಲೂ ಬಲಿಯ ಒಂದು ಹಕ್ಕಿ ಉಳಿದಿತ್ತು.

ಬೀರೂರು ಜಂಕ್ಷನ್ನಿನಲ್ಲಿ ರೈಲುಹಳಿ ಕವಲೊಡೆಯುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಸಾಕ್ರೆಟಿಸನ ನಂತರ ಗ್ರೀಕ್ ಚಿಂತನೆಯೂ ಹೀಗೆಯೇ ಕವಲೊಡೆಯಿತು. ಶಿಷ್ಯ ಪ್ಲೇಟೋ ಮನಸ್ಸಿನ ಒಳಗೆ ಇಳಿದ. ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ರೂಢಿಯ ಕಡೆಗೆ, ಕಣ್ಣೆದುರಿನ ಬದುಕಿನ ಕಡೆಗೆ ತಿರುಗಿದ. ನಾನು ಮೊದಲು ತರೀಕೆರೆಯ ದಾರಿ ಹಿಡಿದೆ.

ಅಮೃತಾಪುರದ ಕವಿ

ತರೀಕೆರೆಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಅಮೃತಾಪುರ. ತೆಂಗು, ಅಡಿಕೆಯ ನಡುವೆ ಹೊಯ್ಸಳರ ಅಮೃತೇಶ್ವರ ಗುಡಿ. ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ್ದು. ತೆರೆದ ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಕೃಷ್ಣಕಥೆಗಳ ಸಾಲು ಸಾಲು ಶಿಲ್ಪ. ಒಳಗೆ ಕನ್ನಡಿಯಂತೆ ಹೊಳೆಯುವ ಕಂಬಗಳು. ಇಲ್ಲಿನ ದೊಡ್ಡ ಹಳಗನ್ನಡ ಶಾಸನ ಕವಿ ಜನ್ನನ ರಚನೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ಸೀಮೆಯೆಲ್ಲ ಕಡೂರು ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಬಿ.ಎಲ್. ರೈಸ್ ಇಲ್ಲಿನ ಶಾಸನಗಳನ್ನು ಸಂಗ್ರಹಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 6ನೇ ಸಂಪುಟವಾಗಿ ಪ್ರಕಟಿಸಿದರು.

ಶಿವನ ಗುಡಿಗೆ ಶಾಸನ ಬರೆದ ಜನ್ನ ಜೈನ. ಅದಾದ ಹನ್ನೆರಡು ಹದಿಮೂರು ವರ್ಷಕ್ಕೆ, 1209ರಲ್ಲಿ, 'ಯಶೋಧರ ಚರಿತೆ' ಬರೆದ. ಕಥೆ ಜೈನರಲ್ಲಿ ಅವನಿಗಿಂತ ಹಳೆಯದು. ಸೋಮದೇವಸೂರಿ 959ರಲ್ಲೇ ಅದನ್ನು ಸಂಸ್ಕೃತದ 'ಯಶಸ್ತಿಲಕ'ದಲ್ಲಿ ಹೇಳಿದ್ದ. ಕನ್ನಡಿಗರ ಮನಸ್ಸಿನಲ್ಲಿ ಅದನ್ನು ನೆಲೆಗೊಳಿಸಿದವನು ಜನ್ನ. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ಅದನ್ನೇ 'ಹಿಟ್ಟಿನ ಹುಂಜ' ನಾಟಕವಾಗಿಸಿದರು.

ಉಜ್ಜಯಿನಿಯ ಅರಸ ಯಶೋಧರ. ರಾಣಿ ಅಮೃತಮತಿ ಒಂದು ರಾತ್ರಿ ಕೇಳಿದ ಹಾಡಿಗೆ ಸೋಲುತ್ತಾಳೆ. ಹಾಡಿದವನು ಕುರೂಪಿ ಮಾವಟಿಗ. ಅವಳು ಕದ್ದು ಅವನನ್ನು ಕೂಡುವುದನ್ನು ಕಣ್ಣಾರೆ ಕಂಡ ಅರಸ ಕತ್ತಿ ಎತ್ತಿ, ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ಮುಚ್ಚಿಡುತ್ತಾನೆ. ದೇವಿಗೆ ಬಲಿ ಕೊಟ್ಟು ಶಾಂತಿ ಮಾಡಿಸು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ತಾಯಿಯ ಹಟ, ಮಗನ ಧರ್ಮ ಎರಡರ ನಡುವೆ ಒಂದು ಒಪ್ಪಂದವಾಗುತ್ತದೆ: ಹಿಟ್ಟಿನಲ್ಲಿ ಹುಂಜ ಮಾಡಿ ಅದನ್ನು ಕಡಿಯುವುದು. ಯಶೋಧರ ಕತ್ತಿ ಬೀಸುತ್ತಾನೆ. ಹಿಟ್ಟಿನ ಹುಂಜ ಕೂಗುತ್ತದೆ.

ಆ ಕೂಗಿಗೆ ಅರಸನ ಎದೆ ಒಡೆಯುತ್ತದೆ. ಮುಂದೆ ರಾಣಿ ಇಬ್ಬರಿಗೂ ವಿಷವಿಕ್ಕುತ್ತಾಳೆ. ತಾಯಿ ಮಗ ನವಿಲಾಗಿ, ನಾಯಾಗಿ, ಒಂದಾದ ಮೇಲೊಂದು ಪ್ರಾಣಿಜನ್ಮ ತಳೆದು, ಕೊನೆಗೆ ಕೋಳಿಗಳಾಗಿ, ಯಶೋಧರನ ಸ್ವಂತ ಮಗ ಯಶೋಮತಿಯ ಬಾಣಕ್ಕೇ ಸಾಯುತ್ತಾರೆ. ಆಮೇಲೆ ಅವನ ಮಕ್ಕಳಾಗಿ ಹುಟ್ಟುತ್ತಾರೆ. ಒಂದು ತೊಟ್ಟೂ ರಕ್ತ ಚೆಲ್ಲದ ಬಲಿಗೆ ಇಷ್ಟೊಂದು ಶಿಕ್ಷೆ! ಪಂಡಿತರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ. ಕತ್ತಿ ಹಿಟ್ಟನ್ನು ಕಡಿಯಿತು, ಮನಸ್ಸು ಹುಂಜವನ್ನೇ ಕಡಿಯಿತು.

ಈಗ ಗ್ರೀಕರ ಕಡೆ ನೋಡಿ. ಕ್ರಿ.ಪೂ. 5ನೇ ಶತಮಾನದಲ್ಲಿ ಸಿಸಿಲಿಯ ಅಕ್ರಗಾಸ್ ಪಟ್ಟಣದಲ್ಲಿ ಎಂಪೆಡೊಕ್ಲಿಸ್ ಎಂಬ ಚಿಂತಕನಿದ್ದ. ಮಣ್ಣು, ನೀರು, ಗಾಳಿ, ಬೆಂಕಿಗಳಿಂದ ಲೋಕವಾಯಿತೆಂದು ಹೇಳಿದವನು ಅವನೇ. ಅವನು ಪುನರ್ಜನ್ಮವನ್ನು ನಂಬಿದ್ದ. ತಾನು ಹಿಂದೆ ಗಿಡವಾಗಿ, ಹಕ್ಕಿಯಾಗಿ, ಮೀನಾಗಿ ಹುಟ್ಟಿದ್ದೆನೆಂದು ಹೇಳಿಕೊಂಡಿದ್ದ. ಬೇರೆ ರೂಪ ತಳೆದು ಬಂದ ಮಗನನ್ನು ಗುರುತಿಸದ ತಂದೆ ಮಂತ್ರ ಹೇಳುತ್ತಲೇ ಅವನನ್ನು ಬಲಿಪೀಠದ ಮೇಲೆ ಕಡಿಯುವ ಭಯಂಕರ ಚಿತ್ರವನ್ನು ಅವನ ಕಾವ್ಯ ಕೊಡುತ್ತದೆ. ಜನ್ನನಲ್ಲಿ ಮಗ ತಂದೆಯನ್ನು ಕೊಂದ, ಅಲ್ಲಿ ತಂದೆ ಮಗನನ್ನು.

ಎಂಪೆಡೊಕ್ಲಿಸನ ಬಗ್ಗೆ ಕ್ರಿ.ಶ. ಮೂರನೇ ಶತಮಾನದ ಡಯೋಜಿನಿಸ್ ಲಯೇರ್ಷಿಯಸ್ ಒಂದು ಸಂಗತಿ ಬರೆದಿಟ್ಟಿದ್ದಾನೆ: ಒಲಿಂಪಿಯಾದಲ್ಲಿ ಅವನು ಜೇನುತುಪ್ಪ, ಬಾರ್ಲಿ ಹಿಟ್ಟಿನಿಂದ ಎತ್ತು ಮಾಡಿ ಬಲಿ ಅರ್ಪಿಸಿದನಂತೆ. ಪೈಥಾಗೊರಸನ ಬಗ್ಗೆಯೂ ಪೋರ್ಫಿರಿ ಇಂಥದ್ದನ್ನೇ ಹೇಳುತ್ತಾನೆ. ಲಂಬಕೋನ ತ್ರಿಭುಜದ ಪ್ರಮೇಯ ಹೊಳೆದ ಸಂತೋಷಕ್ಕೆ ಪೈಥಾಗೊರಸ್ ಅರ್ಪಿಸಿದ್ದು ಜೀವಂತ ಎತ್ತನ್ನಲ್ಲ, ಹಿಟ್ಟಿನ ಎತ್ತನ್ನು ಎಂದು. ಊರೂರಿನ ಬಲಿಪೀಠಗಳಲ್ಲಿ ದನ, ಕುರಿ, ಹಂದಿ ಕಡಿಯುತ್ತಿದ್ದ ಗ್ರೀಕರ ನಡುವೆ ಇವರು ಕೈ ಬೆರಳೆಣಿಕೆಯ ಮಂದಿ.

ಹಿಟ್ಟು ಎರಡು ಕಡೆಯೂ ಒಂದೇ, ತೀರ್ಪು ಮಾತ್ರ ಎದುರುಬದುರು. ಗ್ರೀಕರ ಹಿಟ್ಟಿನ ಎತ್ತು ಹಿಂಸೆಯಿಂದ ಹೊರಬರುವ ಬಾಗಿಲು. ಜನ್ನನ ಹಿಟ್ಟಿನ ಹುಂಜ ಹಿಂಸೆಯೊಳಕ್ಕೆ ಹೋಗುವ ಬಾಗಿಲು. ಅಮೃತಾಪುರದ ಮಂಟಪದಲ್ಲಿ ಕುಳಿತು ಇದನ್ನು ಬಹಳ ಹೊತ್ತು ಯೋಚಿಸಿದೆ. ಎಂಪೆಡೊಕ್ಲಿಸನಿಗೆ ಕೊಲ್ಲುವ ಮನಸ್ಸೇ ಇರಲಿಲ್ಲ; ಹಳೆಯ ಪದ್ಧತಿಯ ಆಕಾರವನ್ನು ಉಳಿಸಿ ಅದರೊಳಗಿನ ಕೊಲೆಯನ್ನು ತೆಗೆದುಹಾಕಿದ. ಯಶೋಧರ ಕೊಲೆಯನ್ನು ಉಳಿಸಿಕೊಂಡು ಪ್ರಾಣಿಯನ್ನಷ್ಟೇ ಬದಲಿಸಿದ. ತಾಯಿಯ ಕಣ್ಣಿಗೆ ಅದು ಹುಂಜ, ತನ್ನ ಸಮಾಧಾನಕ್ಕೆ ಅದು ಹಿಟ್ಟು. ಎರಡು ಕಡೆಗೂ ಸಲ್ಲುವಂತೆ ಕತ್ತಿ ಬೀಸಿದ.

ತಿಳಿದೂ ಮಾಡುವವರು

ಸಾಕ್ರೆಟಿಸ್ ಇಲ್ಲಿ ಏನೆನ್ನುತ್ತಿದ್ದ? ಯಶೋಧರನಿಗೆ ನಿಜವಾಗಿ ತಿಳಿದಿರಲಿಲ್ಲ ಎನ್ನುತ್ತಿದ್ದ. ಆದರೆ ಜನ್ನನ ಓದುಗರು ಸುಲಭವಾಗಿ ಒಪ್ಪಲಾರರು. ಜೀವಹಿಂಸೆ ಕೂಡದೆಂದು ತಾಯಿಗೆ ತಾನೇ ಹೇಳಿದವನು ಅವನು. ಅಮೃತಮತಿಗೂ ತಾನು ಮಾಡುತ್ತಿರುವುದು ಗೊತ್ತಿತ್ತು, ಗೊತ್ತಿದ್ದೇ ರಾತ್ರಿ ಕದ್ದು ನಡೆದಳು.

ಪ್ಲೇಟೋ ಈ ತೊಡಕನ್ನು ಕಂಡಿದ್ದ. 'ರಿಪಬ್ಲಿಕ್' ಗ್ರಂಥದಲ್ಲಿ ಅವನು ಲಿಯಾಂಟಿಯಸ್ ಎಂಬಾತನ ಕಥೆ ಹೇಳುತ್ತಾನೆ. ಊರ ಹೊರಗೆ ಮರಣದಂಡನೆಗೆ ಗುರಿಯಾದವರ ಹೆಣಗಳು ಬಿದ್ದಿವೆ. ನೋಡಬೇಕೆಂಬ ಆಸೆ, ನೋಡಬಾರದೆಂಬ ಹೇಸಿಗೆ. ಮುಖ ಮುಚ್ಚಿಕೊಂಡು ಬಹಳ ಹೊತ್ತು ಕಾದಾಡಿದವನು ಕೊನೆಗೆ ಓಡಿಹೋಗಿ, ನೋಡಿ ಸಾಯಿರಿ ಎಂದು ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ರಸ್ತೆ ಅಪಘಾತದ ವಿಡಿಯೊ ಬೇಡವೆಂದುಕೊಂಡೂ ಮೊಬೈಲಿನಲ್ಲಿ ತೆರೆದು ನೋಡುವ ನಮಗೆ ಈ ಲಿಯಾಂಟಿಯಸ್ ದೂರದವನಲ್ಲ.

ಇದರಿಂದ ಪ್ಲೇಟೋ ಕಂಡುಕೊಂಡದ್ದು ಮನಸ್ಸಿನಲ್ಲಿ ಮೂರು ಪಾಲಿದೆ ಎಂಬುದನ್ನು: ವಿವೇಕ, ಕೆಚ್ಚು, ಆಸೆ. ಇನ್ನೊಂದು ಕಡೆ ಅದನ್ನೇ ರಥದ ಚಿತ್ರವಾಗಿ ಕೊಟ್ಟ. ಸಾರಥಿಗೆ ಎರಡು ಕುದುರೆ; ಒಂದು ಮಾತು ಕೇಳುತ್ತದೆ, ಇನ್ನೊಂದು ಜಗ್ಗುತ್ತದೆ. ಕಠೋಪನಿಷತ್ತಿನ ರಥವನ್ನು ಬಲ್ಲ ನಮಗೆ ಇದು ಪರಿಚಯದ ಗಾಡಿ. ವಿವೇಕದ ಕೈಯಲ್ಲಿ ಲಗಾಮು ಇದ್ದು, ಕೆಚ್ಚು ಅದರ ಬೆನ್ನಿಗೆ ನಿಂತು, ಆಸೆ ತನ್ನ ಮಿತಿ ಅರಿತು ನಡೆದರೆ ಅದೇ ಪ್ಲೇಟೋ ಹೇಳುವ ನ್ಯಾಯ. ಯಶೋಧರನಲ್ಲಿ ವಿವೇಕ ಇತ್ತು. ರಾಣಿಯ ಮೇಲೆ ಎತ್ತಿದ ಕತ್ತಿಯನ್ನು ಅದು ಇಳಿಸಿತು. ತಾಯಿಯ ಮುಂದೆ ಮಾತ್ರ ಅದರ ಕೈ ಸಡಿಲಾಯಿತು. ಲಗಾಮು ಬಿಗಿಯಾಗಿರುವಂತೆ ಕೈಯನ್ನು ಪಳಗಿಸುವುದು ಹೇಗೆ? ಆ ಉತ್ತರಕ್ಕೆ ಇನ್ನೊಂದು ಹಳಿ ಹಿಡಿಯಬೇಕು.

ಅಜ್ಜಂಪುರದ ಕಾವಲು

ಅಜ್ಜಂಪುರ ಎಂದರೆ ಅಮೃತಮಹಲ್. ತಳಿ ಸಂವರ್ಧನಾ ಕೇಂದ್ರ ಇರುವುದು ಇಲ್ಲೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿದ್ದ ಅರಮನೆಯ ದನದ ಹಿಂಡಿಗೆ ಅಮೃತಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಯುದ್ಧಕಾಲದಲ್ಲಿ ತೋಪಿನ ಗಾಡಿ, ಸೈನ್ಯದ ಸಾಮಾನು ಎಳೆದು ಹೆಸರಾದ ಎತ್ತುಗಳಿವು. ಹಿಂದಕ್ಕೆ ಬಾಗಿ ಮೇಲೇರುವ ಚೂಪು ಕೊಂಬು, ಬೂದು ಮೈ, ಹೊಸಬರನ್ನು ಕಂಡರೆ ಅರಳುವ ಮೂಗಿನ ಹೊಳ್ಳೆ. ಕಾವಲಿನ ಹುಲ್ಲಿನಲ್ಲಿ ಬಯಲಿಗೇ ಬೆಳೆದ ದನಕ್ಕೆ ಹಗ್ಗದ ಪರಿಚಯವಿರುವುದಿಲ್ಲ.

ಈ ಭಾಗದ ರೈತರು ಹೋರಿ ಪಳಗಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಹೊಸ ಹೋರಿಯನ್ನು ಒಂಟಿಯಾಗಿ ಕಟ್ಟುವುದಿಲ್ಲ. ನೊಗದ ಒಂದು ಕಡೆ ಉಳುಮೆ ಬಲ್ಲ ಹಳೆಯ ಎತ್ತು, ಇನ್ನೊಂದು ಕಡೆ ಹೊಸದು. ಮೊದಲ ದಿನ ಬರೀ ನೊಗ. ಹೊಸದು ಎಗರುತ್ತದೆ, ಮಲಗಿಬಿಡುತ್ತದೆ. ಹಳೆಯದು ನಿಂತಲ್ಲೇ ನಿಂತಿರುತ್ತದೆ. ಆಮೇಲೆ ಹಗುರ ಮರದ ದಿಮ್ಮಿ, ಕೊನೆಗೆ ನೇಗಿಲು, ಗಾಡಿ. "ಹೊಡೆದು ಕಲಿಸಿದ್ದು ಹೊಡೆಯೋ ತನಕ, ರೂಢಿಯಾದ್ದು ಸಾಯೋ ತನಕ" ಎಂದು ಹಿರಿಯ ರೈತರೊಬ್ಬರು ಹೋರಿಯ ಬೆನ್ನು ತಟ್ಟುತ್ತ ಹೇಳಿದರು.

ಅರಿಸ್ಟಾಟಲನ ನೀತಿಶಾಸ್ತ್ರದ ನಡುಗಂಬ ಇದೇ ಮಾತು. ಕ್ರಿ.ಪೂ. 384ರಲ್ಲಿ ಸ್ಟಗೈರಾದಲ್ಲಿ ವೈದ್ಯನ ಮಗನಾಗಿ ಹುಟ್ಟಿದ ಅವನು ಹದಿನೇಳರ ಹರೆಯದಲ್ಲಿ ಪ್ಲೇಟೋನ ಅಕಾಡೆಮಿ ಸೇರಿ ಇಪ್ಪತ್ತು ವರ್ಷ ಅಲ್ಲಿದ್ದ. ಗ್ರೀಕ್ ಭಾಷೆಯಲ್ಲಿ ರೂಢಿ ಎಂಬ ಪದಕ್ಕೂ ಶೀಲ ಎಂಬ ಪದಕ್ಕೂ ಇರುವುದು ಒಂದು ದೀರ್ಘದ ಅಂತರವಷ್ಟೇ ಎಂದು ಅವನು ತೋರಿಸಿದ. ಮನೆ ಕಟ್ಟಿ ಕಟ್ಟಿ ಮೇಸ್ತ್ರಿಯಾಗುವಂತೆ, ನುಡಿಸಿ ನುಡಿಸಿ ವಾದಕನಾಗುವಂತೆ, ನ್ಯಾಯದ ಕೆಲಸ ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುತ್ತಾನೆ. ಹಳೆಯ ಎತ್ತಿನ ಪಕ್ಕದ ಹೋರಿಯಂತೆ ಮಕ್ಕಳೂ ಒಳ್ಳೆಯವರ ಪಕ್ಕ ನಡೆದು ಕಲಿಯುತ್ತಾರೆ. ಆದರೆ ಹೋರಿಗೆ ಇಲ್ಲದ್ದು ಮನುಷ್ಯನಿಗೆ ಬೇಕು: ಏಕೆ ಮಾಡುತ್ತಿದ್ದೇನೆಂಬ ಅರಿವು, ಬೇಕೆಂದು ಆರಿಸಿಕೊಂಡ ಸಂಕಲ್ಪ. ಒಬ್ಬನ ಶೀಲವನ್ನು ತೂಗಲು ಅವನ ಕೆಲಸಕ್ಕಿಂತ ಅವನ ಆಯ್ಕೆಯೇ ಒಳ್ಳೆಯ ತಕ್ಕಡಿ ಎಂದು ಅರಿಸ್ಟಾಟಲ್ ಹೇಳುವಾಗ ಜನ್ನನ ಹಿಟ್ಟಿನ ಹುಂಜ ನೆನಪಾಗದೆ ಇರದು.

ತಿಳಿದೂ ತಪ್ಪುವವರಿಗೆ ಅವನು ಕೊಟ್ಟ ಹೋಲಿಕೆ ಇನ್ನೂ ಅಚ್ಚರಿಯದು. ಆಸೆಯ ಕೈಗೆ ಸಿಕ್ಕವನ ಬಾಯಲ್ಲಿ ಬರುವ ನೀತಿಯ ಮಾತು, ಕುಡಿದವನು ಎಂಪೆಡೊಕ್ಲಿಸನ ಪದ್ಯ ಹೇಳಿದಂತೆ ಎನ್ನುತ್ತಾನೆ. ಮಾತು ಸರಿಯಾಗಿದೆ, ಹೇಳುವವನೊಳಗೆ ಅದು ಇಳಿದಿಲ್ಲ. ತಿಳಿವು ಮೈಗೂಡಲು ಕಾಲ ಬೇಕು. ಹಾಗಾದರೆ ಸಾಕ್ರೆಟಿಸ್ ಪೂರ್ತಿ ತಪ್ಪಿರಲಿಲ್ಲ: ಮೈಗೂಡದ ತಿಳಿವು ತಿಳಿವೇ ಅಲ್ಲ.

ಇದೇ ಅರಿಸ್ಟಾಟಲ್ ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ಬೇರೆ ಬೇರೆ ದಿನಗಳಲ್ಲಿ ಒಡೆದು ನೋಡಿದ್ದನ್ನು ಬರೆದಿದ್ದಾನೆ. ಮೂರು ದಿನ ಕಳೆಯುವಷ್ಟರಲ್ಲಿ ಬಿಳಿಯ ಲೋಳೆಯಲ್ಲಿ ರಕ್ತದ ಒಂದು ಚುಕ್ಕೆ. ಅದು ಮಿಡಿಯುತ್ತದೆ, ಅದೇ ಹೃದಯ. ಕುರುಬರು, ಬೆಸ್ತರು, ಜೇನು ಸಾಕುವವರು ಹೇಳಿದ್ದನ್ನೂ ಕಿವಿಗೊಟ್ಟು ಕೇಳಿದ ಅವನಷ್ಟು ಹತ್ತಿರದಿಂದ ಪ್ರಾಣಿಗಳನ್ನು ನೋಡಿದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ. ಆದರೂ ಪ್ರಾಣಿಗಳಿರುವುದು ಮನುಷ್ಯನ ಉಪಯೋಗಕ್ಕೆ ಎಂದೇ ಬರೆದ. ಕೆಲವರು ಗುಲಾಮರಾಗಲೆಂದೇ ಹುಟ್ಟಿದವರು ಎಂದೂ ವಾದಿಸಿದ. ಮಿಡಿಯುವ ಚುಕ್ಕೆಯನ್ನು ಕಂಡ ಕಣ್ಣಿಗೆ ಅದರ ನೋವು ಕಾಣಲಿಲ್ಲ. ತಿಳಿವು ಕರುಣೆಯಾಗಿ ಹರಡದೆ ಹೋದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಅವನ ಗೆಳೆಯನೂ ಉತ್ತರಾಧಿಕಾರಿಯೂ ಆದ ಥಿಯೋಫ್ರಾಸ್ಟಸ್ ಗುರುವನ್ನು ಒಪ್ಪಲಿಲ್ಲ. ಪ್ರಾಣಿಗಳು ನಮ್ಮ ಬಂಧುಗಳು, ಅವುಗಳ ಜೀವವನ್ನು ಕಿತ್ತು ದೇವರಿಗೆ ಕೊಡುವುದು ಇನ್ನೊಬ್ಬರ ಸೊತ್ತನ್ನು ಕದ್ದು ಕಾಣಿಕೆ ಹಾಕಿದಂತೆ ಎಂಬುದು ಅವನ ವಾದದ ಸಾರ. ಅದನ್ನು ಉಳಿಸಿಕೊಟ್ಟವನು ಪೈಥಾಗೊರಸನ ಹಿಟ್ಟಿನ ಎತ್ತನ್ನು ನೆನೆದ ಅದೇ ಪೋರ್ಫಿರಿ.

ಹುಡುಗನಿಗೊಂದು ಉತ್ತರ

ಗ್ಯಾರೇಜಿನ ಮುಂದಿನ ಆ ಹುಡುಗನಿಗೆ ಈಗ ಒಂದು ಉತ್ತರ ಹೇಳಬಲ್ಲೆ ಅನಿಸುತ್ತದೆ.

ಕುಂಬಳ ಒಡೆಯುವ ಕೈ ಒಂದೇ, ಹಿಂದಿರುವ ಮನಸ್ಸು ಎರಡು. ಕುರಿಗೂ ಜೀವವಿದೆ, ಅದನ್ನು ಬಿಟ್ಟೆವಲ್ಲ ಎಂಬ ನೆಮ್ಮದಿಯಿಂದ ಒಡೆದರೆ ಅದು ಎಂಪೆಡೊಕ್ಲಿಸನ ಎತ್ತು. ರಕ್ತ ಕಂಡರೇ ತೃಪ್ತಿ, ಸದ್ಯಕ್ಕೆ ಇದು ಸಾಕು ಎಂದು ಒಡೆದರೆ ಅದು ಯಶೋಧರನ ಹುಂಜ. ಯಾವುದೆಂದು ಪಕ್ಕದಲ್ಲಿ ನಿಂತವರು ಹೇಳಲಾರರು. ಒಡೆದವನು ತನ್ನನ್ನೇ ಕೇಳಿಕೊಳ್ಳಬೇಕು. ನಿನ್ನನ್ನು ನೀನು ಅರಿ ಎಂಬ ಮಾತನ್ನು ಡೆಲ್ಫಿಯವರು ಗುಡಿಯ ಮುಂದೆಯೇ ಬರೆಸಿದ್ದರು, ದೇವರ ನುಡಿ ಕೇಳಲು ಬಂದವರ ಕಣ್ಣಿಗೆ ಅದು ಮೊದಲು ಬೀಳಲೆಂದು.

ಅರಿಸ್ಟಾಟಲ್ ಹೇಳಿದಂತೆ ಒಂದು ಸಲ ಕೇಳಿಕೊಂಡರೆ ಸಾಲದು. ಮುಂದಿನ ಆಯುಧಪೂಜೆಗೆ ಆ ಹುಡುಗ ಮತ್ತೆ ಕೇಳಲಿ. ಅದರ ಮುಂದಿನ ವರ್ಷವೂ ಕೇಳಲಿ. ಕರ್ಪೂರ ಹಚ್ಚುವ ಮುಂಚೆ ತಾತ ತಾವಾಗಿಯೇ ಒಂದು ಗಳಿಗೆ ತಡೆದು, ಅವನು ಕೇಳುವುದನ್ನು ಕಾಯುವಂತಾಗಲಿ. ಅಮೃತಾಪುರದಿಂದ ಕಡೂರಿಗೆ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿ. ಹಿಟ್ಟಿನ ಹುಂಜದ ಕೂಗು ಆ ದಾರಿ ನಡೆದು ಬರಲು ಎಂಟುನೂರು ವರ್ಷ ಹಿಡಿಯಿತು. ಹುಡುಗನ ಕಿವಿಗೆ ಅದು ಬಿದ್ದಿದೆ.